ಲೋ ಗಿಯರ್ ಬೀಳದ ವರ್ಷ

ನನ್ನ ಭಾವ ನನ್ನ ಹತ್ತಿರ ಮಾತಾಡುತ್ತಿರಲಿಲ್ಲ. ಅದು ಸಿಟ್ಟಿನಿಂದಲ್ಲ, ಕ್ರಮ ಹಾಗೆ. ನಮ್ಮ ಮನೆತನದಲ್ಲಿ ಗಂಡನ ಅಣ್ಣ ತಮ್ಮನ ಹೆಂಡತಿಯ ಎದುರು ನಿಂತು ಬಾಯಿ ಬಿಡಬಾರದು, ಅವಳೂ ಬಿಡಬಾರದು. ಹೇಳುವುದೇನಿದ್ದರೂ ಮೂರನೆಯವರ ಮೂಲಕ ಹೇಳಬೇಕು. ಸಿಟ್ಟು ಬೇರೆಯೇ ಇತ್ತು, ಬೇಕಾದಷ್ಟಿತ್ತು. ಅದನ್ನೂ ಇದೇ ದಾರಿಯಲ್ಲಿ ಕಳಿಸಬೇಕಾಗುತ್ತಿತ್ತು.

ದಾರಿ ಎಂದರೆ ಅತ್ತೆ. ಕುಮಟೆ ಹತ್ತಿರದ ಬಾಡ ಎಂಬ ಊರಲ್ಲಿ ನಮ್ಮದು ಒಂದೇ ಮಾಡಿನ ಕೆಳಗೆ ಎರಡು ಒಲೆಯ ಮನೆ. ನಡುವೆ ಒಂದು ಗೋಡೆ, ಆ ಕಡೆ ಭಾವನವರು, ಈ ಕಡೆ ನಾವು, ಮುಂದೆ ಒಂದೇ ಜಗಲಿ, ಒಂದೇ ಅಂಗಳ. ಅತ್ತೆ ಜಗಲಿಯ ಮಧ್ಯದಲ್ಲಿ ಎಲೆ ಅಡಿಕೆಯ ಕವಳದ ತಟ್ಟೆ ಇಟ್ಟುಕೊಂಡು ಕೂತಿರುತ್ತಿದ್ದರು. ಭಾವ ಆ ತುದಿಯಿಂದ, "ಅವ್ವಾ, ಅದ್ಕೆ ಹೇಳು, ಬಾವಿ ಹಗ್ಗ ನೆಲದ ಮೇಲೆ ಬಿಡೂದು ಬ್ಯಾಡ ಅಂತ" ಎನ್ನುತ್ತಿದ್ದರು. ನಮ್ಮ ಕಡೆ ಹೆಂಗಸರೆಲ್ಲ 'ಅದು'. ನಾನು ಈ ತುದಿಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡೇ ನಿಂತಿರುತ್ತಿದ್ದೆ. ಆದರೂ ಅತ್ತೆ ನನ್ನ ಕಡೆ ತಿರುಗಿ ಅದೇ ಮಾತನ್ನು ಇನ್ನೊಮ್ಮೆ ಹೇಳುತ್ತಿದ್ದರು, ಸ್ವಲ್ಪ ಉಪ್ಪು ಖಾರ ಹಚ್ಚಿ. "ಬಾವಿ ಹಗ್ಗಕ್ಕೆ ನಿನ್ನ ಅಪ್ಪನ ಮನೆಯವ್ರು ದುಡ್ಡು ಕೊಟ್ಟಿಲ್ವಂತೆ, ಎತ್ತಿ ಇಡೂಕಾತ್ತಾ?" ಭಾವ ಅಷ್ಟು ಹೇಳಿರಲಿಲ್ಲ ಎಂದು ನನಗೆ ಗೊತ್ತು, ಅವರಿಗೂ ಗೊತ್ತು. ಆದರೆ ತಿದ್ದುವುದಕ್ಕೆ ಇಬ್ಬರಿಗೂ ಬಾಯಿಲ್ಲ. ಅತ್ತೆಗೆ ಮುಪ್ಪಿನಲ್ಲಿ ಇದೊಂದು ಸುಖವಾಗಿತ್ತು ಎಂದೇ ನನ್ನ ಅನಿಸಿಕೆ.

ಜೀಪು ನನ್ನ ಗಂಡನದು. ಯಾವುದೋ ಇಲಾಖೆಯವರು ಹರಾಜಿಗೆ ಹಾಕಿದ್ದನ್ನು ಹಿಡಿದು ತಂದಿದ್ದರು. ತರುವಾಗಲೇ ಹಳತು. ಬಾಗಿಲಿಲ್ಲ, ಹಿಂದೆ ನೋಡುವ ಕನ್ನಡಿಯಿಲ್ಲ, ಹಾರ್ನ್ ಒಂದು ಬಿಟ್ಟು ಉಳಿದದ್ದೆಲ್ಲ ಸದ್ದು ಮಾಡುತ್ತಿತ್ತು. ಬೇಸಿಗೆಯಿಡೀ ಮನೆ ಕಟ್ಟುವ ಕೆಂಪು ಚಿರೆಕಲ್ಲು ಹೊರುವುದು, ಮಳೆ ಹಿಡಿಯುವ ಮುಂಚೆ ಊರಿನ ದೋಣಿಗಳನ್ನು ಕಡಲಿಂದ ಮೇಲಕ್ಕೆ ಎಳೆಯುವುದು ಅದರ ಕೆಲಸ. ದೋಣಿಗೆ ಹಗ್ಗ ಕಟ್ಟುವಾಗ ಜೀಪಿನಲ್ಲಿ ಕೂತು ಬ್ರೇಕ್ ಒತ್ತಿ ಹಿಡಿಯಲು ಇವರಿಗೆ ಒಂದು ಜನ ಬೇಕಿತ್ತು. ಆ ಜನ ನಾನಾದೆ. ಬ್ರೇಕಿನಿಂದ ಕ್ಲಚ್ಚಿಗೆ, ಕ್ಲಚ್ಚಿನಿಂದ ಗಿಯರಿಗೆ ಹೋಗಿ, ಮರಳಿನ ಮೇಲೆಯೇ ಗಾಡಿ ಹೊಡೆಯಲು ಕಲಿತೆ. ಲೈಸೆನ್ಸೂ ಮಾಡಿಸಿಕೊಟ್ಟರು. ಕೊಂಕಣ ರೈಲು ಓಡಲು ಶುರುವಾದ ಮರುವರ್ಷ, ಮಳೆಗಾಲ ಹಿಡಿಯುವ ಹೊತ್ತಿಗೆ, ಒಂದು ಜ್ವರದಲ್ಲಿ ಹೋಗಿಬಿಟ್ಟರು. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಬರೆಯಲು ಕೂತರೆ ಜೀಪಿನ ಕತೆ ಮುಂದೆ ಹೋಗುವುದಿಲ್ಲ.

ಮಳೆ ಮುಗಿದ ಮೇಲೆ ನಾನು ಜೀಪು ಹೊರಗೆ ತೆಗೆದಾಗ ಊರೇ ಬೇಲಿಯ ದಣಪೆಯಲ್ಲಿ ನಿಂತು ನೋಡಿತು. ಗಂಡ ಸತ್ತವಳು ಕುಂಕುಮವಿಲ್ಲದ ಹಣೆಯಲ್ಲಿ ಸ್ಟೇರಿಂಗ್ ಹಿಡಿದು ಹೊರಟರೆ ಶಕುನ ಕೆಡುತ್ತದೆ ಎಂದು ಒಬ್ಬರು, ಸೀರೆ ಕ್ಲಚ್ಚಿಗೆ ಸಿಕ್ಕಿ ಎಲ್ಲಾದರೂ ಗುದ್ದುತ್ತಾಳೆ ಎಂದು ಇನ್ನೊಬ್ಬರು. ಸೀರೆಯನ್ನು ಎತ್ತಿ ಸಿಕ್ಕಿಸಿಕೊಂಡು ಚಿರೆಕಲ್ಲು ಹೊತ್ತೆ. ಕಲ್ಲಿಗೆ ಕುಂಕುಮ ಬೇಕಿರಲಿಲ್ಲ.

ಭಾವನಿಗೆ ಮಾತ್ರ ಜೀಪು ಮಾರಬೇಕಿತ್ತು. ಭಟ್ಕಳದಲ್ಲಿ ಯಾರೋ ಹಳೆ ಜೀಪು ಕೊಳ್ಳುವವರು ಇದ್ದಾರೆ, ಗಂಡಸಿಲ್ಲದ ಮನೆಗೆ ಗಾಡಿ ಎಂತಕ್ಕೆ, ಅದು, ಎಂದರೆ ನಾನು, ಮನೆಯಲ್ಲಿ ಇರಲಿ, ಊಟಕ್ಕೆ ನಾವು ಹಾಕುತ್ತೇವೆ. ಇದೆಲ್ಲ ಅತ್ತೆಯ ಬಾಯಲ್ಲಿ ಬಂತು. 'ಊಟಕ್ಕೆ ಹಾಕುತ್ತೇವೆ' ಎನ್ನುವ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ನನಗೆ ಮಕ್ಕಳಿರಲಿಲ್ಲ. ಜೀಪು ಹೋದರೆ ನಾನು ಗೋಡೆಯ ಆ ಕಡೆಯ ಅಡಿಗೆಮನೆಯ ಬಾಗಿಲಲ್ಲಿ ಬಟ್ಟಲು ಹಿಡಿದು ನಿಲ್ಲಬೇಕು, ಸಾಯುವತನಕ. ಜೀಪಿದ್ದರೆ ನನ್ನ ಒಲೆ ನನ್ನದು. ನನ್ನ ಪಾಲಿಗೆ ಲೆಕ್ಕ ಇಷ್ಟೇ ಇತ್ತು.

ಮೊದಲ ವರ್ಷ ದೋಣಿಗಳನ್ನು ಎಳೆದೆ. ಲೋ ಗಿಯರಿನ ಲಿವರ್ ಸ್ವಲ್ಪ ಬಿಗಿಯಾಗಿತ್ತು, ಹಲ್ಲು ಕಚ್ಚಿ ಎಳೆದರೆ ಬೀಳುತ್ತಿತ್ತು. ಎರಡನೇ ವರ್ಷ ಅದೂ ಹೋಯಿತು.

ಆ ಜೀಪಿನಲ್ಲಿ ದೊಡ್ಡ ಗಿಯರಿನ ಪಕ್ಕ ಎರಡು ಸಣ್ಣ ಲಿವರುಗಳಿದ್ದವು. ಒಂದು ಹಾಕಿದರೆ ಮುಂದಿನ ಚಕ್ರಗಳಿಗೂ ಬಲ ಹೋಗುತ್ತದೆ. ಇನ್ನೊಂದು ಲೋ. ಅದು ಬಿದ್ದರೆ ಗಾಡಿಯ ಓಟ ಸತ್ತು ಶಕ್ತಿ ಹೆಚ್ಚುತ್ತದೆ, ಆಳು ನಡೆಯುವಷ್ಟೇ ನಿಧಾನಕ್ಕೆ ಹೋದರೂ ಹಿಡಿದದ್ದನ್ನು ಬಿಡುವುದಿಲ್ಲ. ಮರಳಿನಲ್ಲಿ ದೋಣಿ ಎಳೆಯುವುದಕ್ಕೆ ಲೋ ಇಲ್ಲದೆ ಆಗುವುದಿಲ್ಲ. ಹಾಗೇ ಎಳೆಯಲು ಹೋದರೆ ಚಕ್ರ ಗುಂಡಿ ತೋಡಿಕೊಳ್ಳುತ್ತದೆ, ಕ್ಲಚ್ಚು ಸುಟ್ಟ ವಾಸನೆ ಬರುತ್ತದೆ, ದೋಣಿ ಇದ್ದಲ್ಲೇ ಇರುತ್ತದೆ.

ಏಪ್ರಿಲಿನಲ್ಲಿ ಕಲ್ಲು ಕ್ವಾರಿಯ ಏರಿನಲ್ಲಿ ಲೋ ಹಾಕಿದೆ. ಲಿವರ್ ಅರ್ಧ ಬಂದು ನಿಂತಿತು. ಒಳಗೆ ಕರಕರ ಎಂದಿತು. ಬಿತ್ತು ಅಂದುಕೊಂಡು ಕ್ಲಚ್ಚು ಬಿಟ್ಟರೆ ತಟ್ಟನೆ ಎದ್ದು ಬಂತು, ಕಲ್ಲು ತುಂಬಿದ ಗಾಡಿ ಹಿಂದಕ್ಕೆ ಜಾರಿತು. ಕ್ವಾರಿಯ ಆಳುಗಳು ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿದರು. ಸಂಜೆಯೊಳಗೆ ಸುದ್ದಿ ಬಾಡ ಮುಟ್ಟಿತ್ತು. ಅತ್ತೆ ಕವಳ ಉಗಿದು ಬಂದು ಹೇಳಿದರು, "ನಿನ್ನ ಭಾವ ಹೇಳ್ತಾ, ಗಿಯರ್ ಹಾಕೂಕೆ ಬರದವ್ರು ಗಾಡಿ ಹೊಡೂದು ಬ್ಯಾಡ ಅಂತ. ದೋಣಿ ಮ್ಯಾಲೆ ಬಂದ್ರೆ ಆತು, ಬರ್ಲಿಲ್ಲ ಅಂದ್ರೆ ಈ ಮಳೆಗಾಲ ಮುಗಿದ ಕೂಡ್ಲೆ ಮಾರೂದೇ ಅಂತೆ." ದೋಣಿಯವರು ಆಗಲೇ ತದಡಿ ಬಂದರಿನ ಕಡೆಯಿಂದ ಟ್ರ್ಯಾಕ್ಟರ್ ತರಿಸುವ ಮಾತಾಡುತ್ತಿದ್ದರು. ಗಾಡಿಯ ಕಾಗದ ಇನ್ನೂ ಸತ್ತವರ ಹೆಸರಲ್ಲೇ ಇತ್ತು. ಊರಿನ ಕಣ್ಣಲ್ಲಿ ಅದು ಭಾವನ ಗಾಡಿ, ನಾನು ಸುಮ್ಮನೆ ಹಿಡಿದುಕೊಂಡು ಕೂತವಳು.

ಕುಮಟೆಗೆ ತೆಗೆದುಕೊಂಡು ಹೋದೆ. ಗ್ಯಾರೇಜಿನವನು ಗಾಡಿಯ ಸುತ್ತ ಒಂದು ಸುತ್ತು ಬಂದು ನನ್ನ ಕಾಲು ನೋಡಿದ. "ಅಕ್ಕಾ, ಕ್ಲಚ್ಚು ಪೂರ್ತಿ ಒತ್ತೂಕು" ಎಂದ. ಒತ್ತಿ ತೋರಿಸಿದೆ. "ಹಾಂಗಲ್ಲ" ಎಂದು ತಾನೇ ಹತ್ತಿ ಕೂತು ಒತ್ತಿ ಲಿವರ್ ಎಳೆದ. ಕರಕರ. ಇಳಿದು ಬಂದು, "ಹೊಡ್ದು ಹೊಡ್ದು ಹಾಳು ಮಾಡಿದ್ರಿ" ಎಂದ. ತನ್ನ ಕೈಯಲ್ಲಿ ಬೀಳದ್ದಕ್ಕೂ ನನ್ನ ಕಾಲೇ ಕಾರಣ!

ಹೊನ್ನಾವರದವನು ಇನ್ನೂ ಮೇಲು. ಅವನು ನನ್ನ ಹತ್ತಿರ ಮಾತಾಡಲೇ ಇಲ್ಲ. "ಯಜಮಾನ್ರು ಬರ್ಲಿ" ಎಂದು ನಟ್ಟು ಬಿಚ್ಚುವ ಪಾನಾ ಒರೆಸುತ್ತ ಕೂತ. ಯಜಮಾನರು ಬರುವ ಜಾಗದಲ್ಲಿಲ್ಲ, ನೀನೇ ಬೇಕಾದರೆ ಅಲ್ಲಿಗೆ ಹೋಗು ಎಂದೆ. ಗ್ಯಾರೇಜಿನಲ್ಲಿದ್ದವರೆಲ್ಲ ತಲೆ ತಗ್ಗಿಸಿದರು. ಆಮೇಲೆ ಕ್ಲಚ್ ಪ್ಲೇಟ್ ಬದಲಿಸಿ ಕಳಿಸಿದ. ಬದಲಿಸಬೇಕಾದ್ದೇನೂ ಇರಲಿಲ್ಲ. ಶರಾವತಿ ಸೇತುವೆ ದಾಟುವಾಗ ಅಭ್ಯಾಸಕ್ಕೆಂದು ಲಿವರ್ ಮುಟ್ಟಿ ನೋಡಿದೆ, ಮೊದಲಿನಷ್ಟೇ ಗಟ್ಟಿ. ಇನ್ನೊಂದು, ಗಾಡಿ ಬಿಸಿಯಾದಾಗೆಲ್ಲ ಗೋಡಂಬಿ ಹುರಿದ ವಾಸನೆ ಬರುತ್ತಿತ್ತು. ರಸ್ತೆ ಬದಿಯ ಯಾವುದೋ ಕಾರ್ಖಾನೆಯದಿರಬೇಕು ಎಂದುಕೊಂಡೆ.

ಹೊನ್ನಾವರದ ಸಿಟ್ಟು ಇಳಿಯುವ ಮೊದಲೇ ಭಟ್ಕಳಕ್ಕೆ ಹೊಡೆದೆ. ಅಲ್ಲಿಯ ಮುದುಕ ಮೆಕ್ಯಾನಿಕ್ ಕೆಲಸದವರ ಹತ್ತಿರ ತನ್ನ ನವಾಯತಿ ಭಾಷೆಯಲ್ಲಿ ರೇಗುತ್ತಿದ್ದವನು ನನ್ನನ್ನು ಕಂಡು ಕನ್ನಡಕ್ಕೆ ಬಂದು ರೇಗಿದ. "ಈ ಡಬ್ಬಾ ಎಲ್ಲಿಂದ ತಂದ್ರಿ?" ಆದರೆ ಗಾಡಿಯ ಅಡಿಗೆ ಹೋಗಿ ಮಲಗಿದವನು ಅವನೊಬ್ಬನೇ. ಲೈಟು ಹಿಡಿದು ಎರಡು ಸಲ ಏನನ್ನೋ ಕುಟ್ಟಿದ. ನನ್ನನ್ನೂ ಬಗ್ಗಿ ನೋಡಲು ಹೇಳಿದ. ಗಿಯರ್ ಪೆಟ್ಟಿಗೆಯ ಹಿಂದಿನ ಸಣ್ಣ ಪೆಟ್ಟಿಗೆಯಿಂದ ಬೆರಳು ದಪ್ಪದ ಎರಡು ರಾಡುಗಳು ಹೊರಗೆ ಚಾಚಿದ್ದವು. ಲಿವರ್ ಎಳೆದರೆ ರಾಡು ಒಳಗೆ ಹೊರಗೆ ಜಾರಬೇಕು, ಆಗಲೇ ಲೋ ಬೀಳುವುದು. ಒಂದು ರಾಡು ಜಾರುತ್ತಿತ್ತು. ಲೋ ಹಾಕುವ ರಾಡು ಅರ್ಧ ದಾರಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಒಳಗೆ ಬೆಂಡಾಗಿದೆ, ಪೆಟ್ಟಿಗೆ ಇಳಿಸಿ ಬಿಚ್ಚಬೇಕು, ಗಾಡಿ ಬಿಟ್ಟು ಹೋಗಿ ಎಂದ. ಎಷ್ಟು ದಿನ ಎಂದರೆ ಆಕಾಶ ನೋಡಿದ. ಮೇ ತಿಂಗಳ ಕೊನೆ, ಕಡಲು ಆಗಲೇ ಬಣ್ಣ ಬದಲಿಸುತ್ತಿತ್ತು. ಗಾಡಿ ಅಲ್ಲಿ ಬಿಟ್ಟರೆ ದೋಣಿಗಳನ್ನು ಟ್ರ್ಯಾಕ್ಟರ್ ಎಳೆಯುತ್ತದೆ, ಜೀಪು ಭಟ್ಕಳದಲ್ಲೇ ಉಳಿಯುತ್ತದೆ. ಭಾವನಿಗೆ ಬೇಕಿದ್ದದ್ದೂ ಅದೇ. ತಿರುಗಿಸಿಕೊಂಡು ಬಂದೆ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ನಾನೇ ಜೀಪಿನ ಅಡಿ ನುಗ್ಗಿದೆ. ಭಾವ ಜಗಲಿಯ ಆ ತುದಿಯಲ್ಲಿ ಬಲೆ ಸರಿಮಾಡುತ್ತಿದ್ದರು. "ಅವ್ವಾ, ಅದ್ಕೆ ಕೇಳು, ಅಲ್ಲಿ ಮಲಗೂಕೆ ಚಾಪೆ ಬೇಕಾ ಅಂತ."

ಅತ್ತೆ ಹೇಳುವ ಮೊದಲೇ ನಾನು ಅಡಿಯಿಂದ ಕೂಗಿದೆ, "ಅತ್ತೇ, ಚಾಪೆ ಬ್ಯಾಡ ಅಂತ ಹೇಳಿ. ಬಾಯಿ ಮುಚ್ಚೂಕೆ ಒಂದು ಬಟ್ಟೆ ಇದ್ರೆ ಸಾಕು. ನಂಗಲ್ಲ."

ಅತ್ತೆಗೆ ಆ ದಿನ ಉಪ್ಪು ಖಾರ ಹಚ್ಚುವ ಕೆಲಸವಿರಲಿಲ್ಲ.

ಅಡಿಯಲ್ಲಿ ಎಲ್ಲವೂ ಕಪ್ಪು. ರಾಡಿನ ಮೈಮೇಲೆ, ಅದು ಪೆಟ್ಟಿಗೆಯೊಳಗೆ ಹೋಗುವ ಬಾಯಿಯಲ್ಲಿ, ಕಪ್ಪಗೆ ಗಟ್ಟಿಯಾಗಿ ಬಳೆಯ ಹಾಗೆ ಏನೋ ಸುತ್ತಿಕೊಂಡಿತ್ತು. ರಸ್ತೆಯ ಡಾಂಬರು ಹಾರಿ ಅಂಟಿದೆ ಎಂದುಕೊಂಡೆ. ಉಗುರಿನಲ್ಲಿ ಕೆರೆದೆ, ಆಗಲಿಲ್ಲ. ಚೂರಿಯ ತುದಿಯಲ್ಲಿ ಎಬ್ಬಿಸಿದರೆ ಮೇಲಿನ ಪದರ ಚಕ್ಕೆಯಾಗಿ ಎದ್ದಿತು, ಅದರ ಅಡಿಯಲ್ಲಿ ಇನ್ನೂ ಹಸಿಹಸಿ, ಅಂಟು. ಬೆರಳಿನಲ್ಲೇ ಬಳಿದು ಬಳಿದು ತೆಗೆದೆ. ಬೆವರಿಗೆ ಕಣ್ಣು ಉರಿಯತೊಡಗಿದಾಗ ಎದ್ದು ಬಂದೆ.

ಮಾರನೇ ದಿನ ಎದ್ದಾಗ ಬಲಗೈಯ ಬೆರಳುಗಳ ಮೇಲೆಲ್ಲ ಗುಳ್ಳೆ. ಮುಟ್ಟಿದರೆ ಉರಿ. ಅಂಚಿನಲ್ಲಿ ಚರ್ಮ ಕಪ್ಪಾಗಿ ಸುಲಿಯುತ್ತಿತ್ತು. ಕೈ ಹಿಡಿದುಕೊಂಡು ಒಲೆಯ ಮುಂದೆ ಕೂತು ಅದನ್ನೇ ನೋಡಿದೆ. ನಮ್ಮ ಕಡೆ ಹುಟ್ಟಿದ ಯಾರಿಗೂ ಈ ಗಾಯ ಗೊತ್ತಾಗದೆ ಇರುವುದಿಲ್ಲ. ಚಿಕ್ಕಂದಿನಲ್ಲಿ ಹಸಿ ಗೋಡಂಬಿ ಕಚ್ಚಿ ತುಟಿ ಸುಟ್ಟುಕೊಳ್ಳದ ಮಕ್ಕಳು ನಮ್ಮಲ್ಲಿಲ್ಲ. ಇದು ಗೇರೆಣ್ಣೆ. ಗೋಡಂಬಿಯ ಸಿಪ್ಪೆಯಿಂದ ಬರುವ ಕರೀ ಎಣ್ಣೆ. ಮರಕ್ಕೆ ಹುಳ ಹಿಡಿಯದ ಹಾಗೆ, ಉಪ್ಪುನೀರು ಕುಡಿಯದ ಹಾಗೆ ದೋಣಿಗೆ ಬಳಿಯುತ್ತಾರೆ. ಒಣಗಿದರೆ ಕಲ್ಲಾಗುತ್ತದೆ, ಬಿಸಿ ತಾಗಿದರೆ ಇನ್ನೂ ಬೇಗ. ಆ ರಾಡಿನ ಪಕ್ಕದಲ್ಲೇ ಸೈಲೆನ್ಸರಿನ ಪೈಪು ಹೋಗುತ್ತದೆ.

ಗೋಡಂಬಿ ಹುರಿದ ವಾಸನೆ ಬರುತ್ತಿದ್ದದ್ದು ಯಾವ ಕಾರ್ಖಾನೆಯಿಂದಲೂ ಅಲ್ಲ, ನನ್ನ ಸೀಟಿನ ಅಡಿಯಿಂದಲೇ.

ನನ್ನ ಜೀಪಿನ ಅಡಿಗೆ ಗೇರೆಣ್ಣೆ ತಾನಾಗಿ ಹತ್ತಿ ಬರುವುದಿಲ್ಲ. ಬಳಿಯುವವರು ಬೇಕು. ಬಳಿಯುವ ಎಣ್ಣೆ, ಬಳಿಯುವ ತೆಂಗಿನ ನಾರಿನ ಕುಂಚ ಇದ್ದದ್ದು ಗೋಡೆಯ ಆ ಕಡೆ. ನಾನು ಮಳೆಗಾಲದಲ್ಲಿ ಹೊನ್ನಾವರ ಕಡೆಯ ತವರಿಗೆ ಹೋದಾಗ ಜೀಪು ಚಪ್ಪರದ ಅಡಿ ಒಂಟಿಯಾಗಿ ಇರುತ್ತಿತ್ತು. ನನ್ನ ಕೈಯಲ್ಲಿ ಗಿಯರ್ ಬೀಳುವುದಿಲ್ಲ ಎಂದು ಊರಿಡೀ ಹೇಳಿಸಿಕೊಂಡು ತಿರುಗಿದ್ದು, ಮೂರು ಊರಿನ ಗ್ಯಾರೇಜಿನಲ್ಲಿ ಮಾನ ಕಳೆದುಕೊಂಡಿದ್ದು ಎಲ್ಲ ಒಟ್ಟಿಗೆ ತಲೆಗೆ ಏರಿತು. ಎಷ್ಟು ಚಂದಕ್ಕೆ ಕೆಲಸ ಮಾಡಿದ್ದಾರೆ ನೋಡು ಎನಿಸಿತು. ಮುರಿದಿಲ್ಲ, ಕದ್ದಿಲ್ಲ, ಬರೀ ಎಣ್ಣೆ ಹಚ್ಚಿದ್ದಾರೆ.

ಕೈಗೆ ಬಟ್ಟೆ ಸುತ್ತಿಕೊಂಡು ಕಡಲ ದಂಡೆಗೆ ಹೋದೆ. ಭಾವ ಸಣ್ಣ ಪಾತಿ ದೋಣಿಯೊಂದನ್ನು ಮರಳಿನ ಮೇಲೆ ಮಗುಚಿ ಹಾಕಿ ಅದೇ ಎಣ್ಣೆ ಬಳಿಯುತ್ತಿದ್ದರು. ಸುತ್ತ ನಾಲ್ಕು ಜನ ಬಲೆ ಹಿಡಿದು ಕೂತಿದ್ದರು, ಅತ್ತೆ ಇರಲಿಲ್ಲ. ನಾನು ನೇರ ಅವರ ಎದುರಿಗೇ ಹೋಗಿ ನಿಂತೆ. ಬಟ್ಟೆ ಬಿಚ್ಚಿ ಕೈ ಚಾಚಿದೆ.

"ಇದು ನಿಮ್ಮ ಎಣ್ಣೆ. ನನ್ನ ಗಾಡಿ ಹಾಳು ಮಾಡೂಕೆ ಹಚ್ಚಿದ್ದಾ?"

ಮದುವೆಯಾಗಿ ಬಂದಮೇಲೆ ಅವರ ಹತ್ತಿರ ನಾನಾಡಿದ ಮೊದಲ ಮಾತು ಅದು. ಸುತ್ತ ಇದ್ದವರು ಬಲೆ ಬಿಟ್ಟು ನೋಡಿದರು. ಒಬ್ಬ ಎದ್ದು ದೂರ ಹೋದ, ಇದನ್ನು ನೋಡುವುದೂ ತಪ್ಪು ಎನ್ನುವ ಹಾಗೆ. ಭಾವ ತಲೆ ಎತ್ತಲಿಲ್ಲ. ಕುಂಚ ನಿಂತಿತು. ಮಾತು ದಾಟಿಸಲು ಅತ್ತೆ ಇಲ್ಲವಲ್ಲ, ಅವರು ದೋಣಿಗೆ ಹೇಳಿದರು. ಸತ್ಯವಾಗಿಯೂ ದೋಣಿಗೇ, ಹಲಗೆಯನ್ನು ನೋಡುತ್ತ.

"ತಮ್ಮ ಇದ್ದಾಗ ಮಳೆಗಾಲಕ್ಕೆ ಗಾಡಿ ಅಡಿಗೆ ಹಳೇ ಆಯಿಲ್ ಹಚ್ತಿದ್ದ. ಉಪ್ಪು ನೀರಿಗೆ ಅದು ತಡೀತದ್ಯಾ? ನಾನು ಒಳ್ಳೇದೇ ಹಚ್ಚಿದ್ದೆ."

"ಆ ರಾಡಿಗೆ ಎಂತಕ್ಕೆ ಹಚ್ಚಿದ್ರಿ?"

ಅವರು ಮತ್ತೆ ದೋಣಿಗೇ ಹೇಳಿದರು, "ಅಲ್ಲಿ ಬಣ್ಣ ಹೋಗಿ ಕಬ್ಬಿಣ ಹೊಳೀತಿತ್ತು. ತುಕ್ಕು ಹಿಡಿದೀತು ಅಂತ ಅಲ್ಲಿಗೆ ಎರಡೆರಡು ಸಲ ಹಚ್ಚಿದೆ. ಎರಡೂ ಮಳೆಗಾಲ."

ಹೊಳೆಯುತ್ತಿದ್ದದ್ದು ಜಾರುವ ಜಾಗ. ಜಾರಿ ಜಾರಿಯೇ ಅದು ಹೊಳೆಯುವುದು. ದೋಣಿ ಬಿಟ್ಟು ಬೇರೇನೂ ಗೊತ್ತಿಲ್ಲದ ಮನುಷ್ಯ ಅದನ್ನು ಬಣ್ಣ ಕಿತ್ತುಹೋದ ಹಲಗೆ ಎಂದು ತಿಳಿದು ಮೇಲಿಂದ ಮೇಲೆ ಬಳಿದು ಮುಚ್ಚಿದ್ದರು.

"ಹಚ್ಚಿದ್ದೆ ಅಂತ ಒಂದು ಮಾತು ಹೇಳೂಕೆ ಎಂತ ಆಗಿತ್ತು?"

"ಹೇಳೂದು ಯಾರಿಗೆ?" ಎಂದು ದೋಣಿಯನ್ನೇ ಕೇಳಿ ಭಾವ ಮತ್ತೆ ಕುಂಚ ಅದ್ದಿದರು.

ಇದನ್ನು ಓದುವವರಿಗೆ ನಾನು ಇಲ್ಲಿ ಕರಗಿದೆ ಎನಿಸಬಹುದು. ಕರಗಲಿಲ್ಲ. ಸಿಟ್ಟು ಇನ್ನೂ ಹೆಚ್ಚಿತು. ಬೇಕೆಂದೇ ಮಾಡಿದ್ದರೆ ಬಯ್ದು ಮುಗಿಸಬಹುದಿತ್ತು. ಜೀಪು ತಮ್ಮನದು, ಅದಕ್ಕೆ ದುಬಾರಿ ಎಣ್ಣೆ. ಅದನ್ನು ಹೊಡೆದು ಅನ್ನ ತಿನ್ನುವವಳಿಗೆ ಒಂದು ಮಾತಿಲ್ಲ. ಕಬ್ಬಿಣಕ್ಕೆ ತುಕ್ಕು ಹಿಡಿದೀತು ಎಂದು ಚಿಂತೆ, ಮನುಷ್ಯರ ಬಗ್ಗೆ ಇಲ್ಲ! ನಾನೂ ಅಷ್ಟೇ ಜೋರಾಗಿ ದೋಣಿಗೆ ಹೇಳಿದೆ, "ಇನ್ನು ಮೇಲೆ ನನ್ನ ಗಾಡಿ ಮುಟ್ಟಿದ್ರೆ ಈ ಎಣ್ಣೆಯಲ್ಲೇ ಕೈ ಅದ್ದಿಸ್ತೆ ಅಂತ ಇವ್ರಿಗೆ ಹೇಳು." ದೋಣಿ ಏನೂ ಹೇಳಲಿಲ್ಲ. ಕೂತವರಲ್ಲಿ ಒಬ್ಬ ಬಾಯಿಗೆ ಕೈ ಅಡ್ಡ ಹಿಡಿದ.

ಬಿಡಿಸುವುದು ಸುಲಭವಿರಲಿಲ್ಲ. ಒಣಗಿದ ಗೇರೆಣ್ಣೆ ಸೀಮೆಎಣ್ಣೆಗೂ ಹೆದರುವುದಿಲ್ಲ, ಡೀಸೆಲಿಗೂ ಹೆದರುವುದಿಲ್ಲ. ಗೋಡಂಬಿ ಒಡೆಯುವ ಹೆಂಗಸರು ಮಾಡುವ ಹಾಗೆ ಮೊದಲು ಕೈಗೆ ತೆಂಗಿನೆಣ್ಣೆ ಹಚ್ಚಿ ಬೂದಿ ಉಜ್ಜಿಕೊಂಡೆ. ಎಂಜಿನ್ ಶುರು ಮಾಡಿ ಬಿಸಿಯಾಗಲು ಬಿಟ್ಟು, ಆರಿಸಿ, ಬಿಸಿಯಿರುವಾಗಲೇ ಅಡಿಗೆ ಹೋಗಿ ಮುರಿದ ಗರಗಸದ ಬ್ಲೇಡಿನಲ್ಲಿ ಕೆರೆದೆ. ಒಮ್ಮೆ ಗಟ್ಟಿಯಾದದ್ದೂ ಬಿಸಿಗೆ ಸ್ವಲ್ಪ ಮೆತ್ತಗಾಗುತ್ತಿತ್ತು, ತಣಿದರೆ ಮತ್ತೆ ಕಲ್ಲು. ಪೈಪು ತಾಗಿ ಮುಂಗೈ ಎರಡು ಕಡೆ ಸುಟ್ಟಿತು. ಬಾಯಿಗೆ ಬಂದದ್ದನ್ನೆಲ್ಲ ಬಯ್ಯುತ್ತ ಕೆರೆದೆ. ರಾಡು ಬಾಯಿ ಸೇರುವಲ್ಲಿ ಬ್ಲೇಡು ಹೋಗದೆ ಇದ್ದಾಗ ಚೀಲ ಹೊಲಿಯುವ ದಬ್ಬಣದ ಮೊನೆಯಲ್ಲಿ ಸುತ್ತಲೂ ಬಿಡಿಸಿದೆ. ಕೊನೆಗೆ ಕಬ್ಬಿಣ ಬೆಳ್ಳಗೆ ಹೊಳೆಯಿತು. ಗ್ರೀಸು ಹಚ್ಚಿ, ಮೇಲೆ ಬಂದು, ಲಿವರನ್ನು ಹಿಂದೆ ಮುಂದೆ, ಹಿಂದೆ ಮುಂದೆ ಆಡಿಸಿದೆ. ಮೊದಲು ಇಷ್ಟು, ಆಮೇಲೆ ಅಷ್ಟು. ಆಮೇಲೆ 'ಕಟ್' ಎಂದು ಪೂರ್ತಿ ಒಳಗೆ ಬಿತ್ತು. ಗಾಡಿಯ ತಳದ ಮೇಲಿಟ್ಟ ಪಾದಕ್ಕೂ ಆ ಬಿದ್ದದ್ದು ಗೊತ್ತಾಯಿತು. ಅಂಗಳದಲ್ಲಿ ಯಾರೂ ಇರಲಿಲ್ಲ. ಒಬ್ಬಳೇ ಸೀಟಿನಲ್ಲಿ ಕೂತು ಅತ್ತುಬಿಟ್ಟೆ.

ಮೂರು ಊರಿನ ಗಂಡಸರು ಬೀಳಿಸದ ಗಿಯರನ್ನು ನಾನು ಬೀಳಿಸಿದ್ದೆ. ಆದರೆ ಅಂಗಳದಲ್ಲಿ ಬಿದ್ದರೆ ಸಾಲದು, ಮರಳಿನಲ್ಲಿ ಭಾರ ಬಿದ್ದಾಗ ನಿಲ್ಲಬೇಕು.

ಎಳೆಯುವ ದಿನ ಕಡಲು ಕೆಟ್ಟಿತ್ತು. ಗಾಳಿ ತೆಂಕಣಕ್ಕೆ ತಿರುಗಿ, ಅಲೆಗಳು ಒಂದರ ಬೆನ್ನಿಗೊಂದು ಬರುತ್ತಿದ್ದವು. ಇನ್ನೊಂದು ದಿನ ತಡೆದರೆ ದೋಣಿ ಉಳಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಟ್ರ್ಯಾಕ್ಟರ್ ಬೇರೆ ಊರಿನ ದೋಣಿಗೆ ಹೋಗಿತ್ತು. ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ, ಹಾಗಾಗಿ ಕರೆದರು. ಪ್ರೀತಿಯಿಂದ ಕರೆದರು ಎಂದು ನಾನು ಹೇಳುವುದಿಲ್ಲ.

ಎಳೆಯುವುದಕ್ಕೊಂದು ನಿಯಮವಿದೆ. ಜೀಪು ಊರಿನ ಕಡೆ ಮುಖ ಮಾಡಿರುತ್ತದೆ, ದೋಣಿ ಉದ್ದ ಹಗ್ಗದ ಆ ತುದಿಯಲ್ಲಿ ಬೆನ್ನ ಹಿಂದೆ. ನನ್ನ ಗಾಡಿಗೆ ಕನ್ನಡಿಯಿಲ್ಲ. ದೋಣಿಯ ಎರಡೂ ಬದಿಗೆ ಗಂಡಸರು ಹೆಗಲು ಕೊಟ್ಟು, ಅಡಿಗೆ ಮರದ ಕೊರಡು ಕೊಡುತ್ತ ನಿಂತಿರುತ್ತಾರೆ. ತಪ್ಪಿದ ಗಳಿಗೆಯಲ್ಲಿ ಎಳೆದರೆ ದೋಣಿ ವಾಲಿ ಯಾರ ಕಾಲಾದರೂ ಹೋಗುತ್ತದೆ. ಅದಕ್ಕೇ ಎಳೆ ಎಂದು ಕೂಗುವವರು ಒಬ್ಬರೇ, ದೋಣಿಯ ಯಜಮಾನ. ಅಲೆ ದೋಣಿಯನ್ನು ಎತ್ತಿದ ಗಳಿಗೆ ನೋಡಿ ಅವರು ಕೂಗಬೇಕು, ಡ್ರೈವರ್ ಆ ದನಿ ಒಂದಕ್ಕೇ ಕ್ಲಚ್ಚು ಬಿಡಬೇಕು. ಬೇರೆ ಯಾರು ಬೊಬ್ಬೆ ಹೊಡೆದರೂ ಕಿವಿಗೆ ಹಾಕಿಕೊಳ್ಳಬಾರದು. ಇದನ್ನು ನನ್ನ ಗಂಡ ನನಗೆ ಬ್ರೇಕಿಗಿಂತ ಮೊದಲು ಕಲಿಸಿದ್ದರು.

ಉಳಿದ ದೋಣಿಗಳು ಒಂದೊಂದಾಗಿ ಬಂದವು. ಯಜಮಾನರು ಕೂಗಿದರು, ನಾನು ಬಿಟ್ಟೆ. ಲೋ ಹಿಡಿದುಕೊಂಡಿತು. ಮೊದಲ ದೋಣಿ ಮರಳು ಹತ್ತುವಾಗ ನನ್ನ ಕೈ ಲಿವರಿನ ಮೇಲೇ ಇತ್ತು, ಎದ್ದು ಬಂದೀತು ಎಂದು. ಬರಲಿಲ್ಲ. ಭಾವನ ದೊಡ್ಡ ದೋಣಿ ಕೊನೆಯದು. ಹೋದ ವರ್ಷ ಅವರು ದೋಣಿಯನ್ನು ನನ್ನ ಜೀಪಿಗೆ ಕಟ್ಟಿರಲಿಲ್ಲ, ಜನ ಹಿಡಿದು ಎಳೆಸಿದ್ದರು. ಈ ಸಲ ಜನ ಇರಲಿಲ್ಲ, ಹೊತ್ತೂ ಇರಲಿಲ್ಲ.

ಹಗ್ಗ ಬಿಗಿಯಾಯಿತು. ನಾನು ಕ್ಲಚ್ಚು ಒತ್ತಿ ಕಾದೆ. ಹಿಂದಿನಿಂದ ಒಬ್ಬ ಕೂಗಿದ, "ಹಾಂ, ಎಳೀರಿ!" ಅದು ಭಾವನ ದನಿಯಲ್ಲ. ನಾನು ಬಿಡಲಿಲ್ಲ. ಮತ್ತೊಬ್ಬ ಕೂಗಿದ. ಅದೂ ಅಲ್ಲ. ನೋಡದೆಯೂ ಗೊತ್ತಾಯಿತು, ಭಾವ ಸೊಂಟದ ಮಟ್ಟ ನೀರಲ್ಲಿ ದೋಣಿಯ ತುದಿ ಹಿಡಿದು ನಿಂತು, ಪಕ್ಕದವನ ಕಿವಿಯಲ್ಲಿ ಹೇಳಿ ಕೂಗಿಸುತ್ತಿದ್ದರು. ಅಲ್ಲಿ ಮಾತು ಹೋಗಿ, ಇಲ್ಲಿ ಕೂಗಾಗಿ ಬರುವಷ್ಟರಲ್ಲಿ ಅಲೆ ಇಳಿದಿರುತ್ತಿತ್ತು. ಆ ಕೂಗಿಗೆ ಎಳೆದರೆ ಯಾರೋ ಒಬ್ಬ ಅಡಿಗೆ ಹೋಗುವುದು ಖಂಡಿತ.

ನಾನು ತಿರುಗದೆ, ಮುಂದೆ ನೋಡುತ್ತಲೇ, ಗಂಟಲು ಹರಿಯುವ ಹಾಗೆ ಕೂಗಿದೆ, "ದೋಣಿ ಯಾರದ್ದೋ ಅವ್ರು ಕೂಗ್ಲಿ! ಇಲ್ಲಾಂದ್ರೆ ನಾ ಎಳೂದಿಲ್ಲ!"

ಯಾರೋ, "ಏ, ಹಟ ಮಾಡೂಕೆ ಹೊತ್ತಿಲ್ಲ" ಎಂದರು. ಇನ್ನಾರೋ ಭಾವನಿಗೆ ಏನೋ ಹೇಳಿದರು. ದೊಡ್ಡ ಅಲೆಯೊಂದು ದಂಡೆಗೆ ಬಡಿದು ಹಗ್ಗ ಅಡ್ಡಕ್ಕೆ ಜಗ್ಗಿತು, ಜೀಪು ಹಿಂದಕ್ಕೆ ಕುಕ್ಕಿತು. ದೋಣಿ ಓರೆಯಾಗುತ್ತಿದೆ ಎಂದು ಹಗ್ಗ ಹೇಳುತ್ತಿತ್ತು. ನನ್ನ ಎಡಗಾಲು ಕ್ಲಚ್ಚಿನ ಮೇಲೇ ಇತ್ತು. ಬಿಡಲಿಲ್ಲ. ಹಟವೂ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ನಿಯಮವೂ ಅದೇ ಆಗಿತ್ತು.

ಆಗ ಕೇಳಿತು. ಗಾಳಿ, ನೀರು, ಎಂಜಿನ್ ಎಲ್ಲದರ ಮೇಲೆ, ಜಗಲಿಯ ಆ ತುದಿಯಿಂದ ಎಷ್ಟೋ ವರ್ಷ ನಾನು ಕೇಳಿದ ದನಿ, ಈ ಸಲ ನೇರ ನನ್ನ ಬೆನ್ನಿಗೆ.

"ಎಳಿಯೇ, ಹೆಮ್ಮಾರೀ! ಎಳಿ!"

ಕ್ಲಚ್ಚು ಬಿಟ್ಟೆ. ಲೋ ಕಚ್ಚಿ ಹಿಡಿಯಿತು. ಹಗ್ಗ ನೆಟ್ಟಗಾಯಿತು, ಜೀಪು ಮೂತಿ ಎತ್ತಿ ಒಮ್ಮೆ ನಿಂತಿತು, ಆಮೇಲೆ ಇಂಚು ಇಂಚಾಗಿ ಮರಳು ಹತ್ತಿತು. "ಎಳಿ! ಎಳಿ! ನಿಲ್ಸು! ನಿಲ್ಸೇ, ಕಿವಿ ಇಲ್ವನೇ ನಿಂಗೆ! ಹಾಂ, ಎಳಿ!" ಒಂದೊಂದು ಮಾತಿಗೂ ನನ್ನ ಕಾಲು ಎದ್ದಿತು, ಬಿದ್ದಿತು. ತೆಂಗಿನ ಮರದ ಸಾಲು ಮುಟ್ಟುವತನಕ ಅವರು ಬಯ್ಯುತ್ತಲೇ ಬಂದರು, ನಾನು ಎಳೆಯುತ್ತಲೇ ಹೋದೆ. ಎಂಜಿನ್ ಆರಿಸಿದೆ. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಭಾವ ಒದ್ದೆ ಬಟ್ಟೆಯಲ್ಲೇ ಬಂದು ಜೀಪಿನ ಹುಕ್ಕಿನಿಂದ ಹಗ್ಗ ಬಿಚ್ಚತೊಡಗಿದರು. ಗಂಟು ನೀರು ಕುಡಿದು ಬಿಗಿದಿತ್ತು, ಉಗುರು ಹಾಕಿ ಎಬ್ಬಿಸುತ್ತಿದ್ದರು. ನಾನು ಇಳಿದು ಹೋಗಿ ಸಹಾಯ ಮಾಡಲಿಲ್ಲ. ಸೀಟಿನಲ್ಲೇ ಕೂತಿದ್ದೆ.

ಜೀಪು ಮಾರುವ ಮಾತು ಆಮೇಲೆ ಅವರ ಬಾಯಲ್ಲಿ ಬರಲಿಲ್ಲ. ಬೈಗುಳ ಬರುತ್ತಿತ್ತು, ಹಾಳಾಗಿ ಹೋಗುವಷ್ಟು ಬರುತ್ತಿತ್ತು. ಆದರೆ ಎಲ್ಲವೂ ನನಗೇ, ನನ್ನ ಮುಖ ನೋಡಿಯೇ.